ಚಾವಣಿಗೆ ಸೋಲಾರ್ ಹಾಕಿದರೆ ಸರ್ಕಾರಿ ಕಚೇರಿ ‘ಹಸಿರು ಕಚೇರಿ’ ಆಗುತ್ತದೆಯೇ?

ಸರ್ಕಾರಿ ಕಚೇರಿಗಳ ಕರೆಂಟು, ನೀರು, ಎಸಿ, ಹಳೇ ಸಾಮಾನುಗಳ ಬಗ್ಗೆ ವಾಟ್ಸ್ಆ್ಯಪ್‌ನಲ್ಲಿ ಹಲವು ಮಾತುಗಳು ಓಡಾಡುತ್ತವೆ. “ಎಲ್ಲ ಕಚೇರಿಗೂ ಸೋಲಾರ್ ಹಾಕಿಬಿಟ್ಟರೆ ಬಿಲ್ಲೇ ಬರುವುದಿಲ್ಲ.” “ಎಸಿಯನ್ನು 16ಕ್ಕೆ ಇಟ್ಟರೆ ಬೇಗ ತಂಪಾಗುತ್ತದೆ.” “ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದರೆ ಇನ್ನೂ ಜಾಸ್ತಿ ಕರೆಂಟು.” “ಹಳೇ ಕಟ್ಟಡ ಕೆಡವಿ ಹೊಸ ಗ್ರೀನ್ ಬಿಲ್ಡಿಂಗ್ ಕಟ್ಟಬೇಕು.” ಕೇಳಿದಾಗ ಎಲ್ಲವೂ ಸರಿ ಅನ್ನಿಸುತ್ತದೆ, ಫಾರ್ವರ್ಡ್ ಬಟನ್ ಒತ್ತುತ್ತೇವೆ.

ಇವುಗಳಲ್ಲಿ ಎಷ್ಟು ನಿಜ, ಎಷ್ಟು ಅರ್ಧಸತ್ಯ ಎಂದು ನೋಡೋಣ. ಈ ಬಿಲ್ಲುಗಳನ್ನೆಲ್ಲ ಕೊನೆಗೆ ಕಟ್ಟುವವರು ನಾವೇ. ಮೇ ತಿಂಗಳ ಮಧ್ಯಾಹ್ನ ಪಹಣಿಗೋ ಪಿಂಚಣಿಗೋ ತಾಲ್ಲೂಕು ಕಚೇರಿಯ ಸಾಲಿನಲ್ಲಿ ನಿಂತು ಬೆವರುವವರೂ ನಾವೇ.

ಚುಟುಕಾಗಿ ಹೇಳುವುದಾದರೆ: ಸೋಲಾರ್ ಒಳ್ಳೆಯದು, ಆದರೆ ಅದು ಮೊದಲ ಹೆಜ್ಜೆಯಲ್ಲ. ಮೊದಲು ಪೋಲು ನಿಲ್ಲಬೇಕು, ಆಮೇಲೆ ಸೋಲಾರ್. ಇನ್ನೊಂದು ಮುಖ್ಯ ವಿಷಯವೆಂದರೆ ಬೀದರ್‌ಗೆ ಒಪ್ಪುವ ಪರಿಹಾರ ಮಂಗಳೂರಿಗೆ ಒಪ್ಪುವುದಿಲ್ಲ.

ಒಂದು ಇಲಾಖೆ, ಹಲವು ಹವಾಮಾನ

31 ಜಿಲ್ಲೆಗಳಲ್ಲೂ ಕಚೇರಿ ಇರುವ ಒಂದು ಇಲಾಖೆಯನ್ನು ಊಹಿಸಿಕೊಳ್ಳಿ. ಕಲಬುರಗಿ, ರಾಯಚೂರಿನಲ್ಲಿ ಬೇಸಿಗೆಯ ತಾಪ 40 ಡಿಗ್ರಿ ದಾಟುತ್ತದೆ, ಗಾಳಿ ಒಣಗಿರುತ್ತದೆ. ಮಂಗಳೂರು, ಕಾರವಾರದಲ್ಲಿ ತಾಪ ಅಷ್ಟಿರುವುದಿಲ್ಲ, ಆದರೆ ತೇವಾಂಶದಿಂದ ಮೈ ಅಂಟಂಟು. ಬೆಂಗಳೂರಿನಲ್ಲಿ ವರ್ಷದ ಬಹುಪಾಲು ದಿನ ಕಿಟಕಿ ತೆರೆದು ಫ್ಯಾನ್ ಹಾಕಿದರೆ ಸಾಕು. ಮಲೆನಾಡಿನಲ್ಲಿ ನಾಲ್ಕು ತಿಂಗಳು ಮಳೆ, ಗೋಡೆಗೆ ತೇವ, ಕಡತಕ್ಕೆ ಬೂಷ್ಟು.

ನಮ್ಮ ಹಿರಿಯರು ಇದನ್ನು ಬಲ್ಲವರಾಗಿದ್ದರು. ಕರಾವಳಿಯಲ್ಲಿ ಇಳಿಜಾರು ಹೆಂಚಿನ ಮಾಡು, ಚಿರೆಕಲ್ಲಿನ ಗೋಡೆ. ಕಲಬುರಗಿ ಕಡೆ ದಪ್ಪ ಕಲ್ಲಿನ ಗೋಡೆ, ಚಿಕ್ಕ ಕಿಟಕಿ, ನೆಲಕ್ಕೆ ಶಹಾಬಾದ್ ಕಲ್ಲು. 1860ರ ದಶಕದಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಅಠಾರಾ ಕಚೇರಿಯನ್ನೇ ನೋಡಿ. ಈಗ ಹೈಕೋರ್ಟ್ ಇರುವ ಈ ಕೆಂಪು ಕಟ್ಟಡಕ್ಕೆ ಆ ಹೆಸರು ಬಂದದ್ದು ಅಲ್ಲಿ ಸರ್ಕಾರದ ಹದಿನೆಂಟು ಇಲಾಖೆಗಳು ಇದ್ದುದರಿಂದ. ದಪ್ಪ ಗೋಡೆ, ಎತ್ತರದ ಚಾವಣಿ, ಉದ್ದನೆಯ ಜಗಲಿಗಳೇ ಅದನ್ನು ತಂಪಾಗಿ ಇಟ್ಟಿದ್ದವು. ಆಗ ಎಸಿ ಎಂಬುದೇ ಇರಲಿಲ್ಲ.

ಈಗ ಏನಾಗಿದೆ? ಒಂದೇ ನಕ್ಷೆಯ ಕಾಂಕ್ರೀಟ್ ಪೆಟ್ಟಿಗೆಯನ್ನು ಎಲ್ಲ ಊರಲ್ಲೂ ಕಟ್ಟುತ್ತೇವೆ. ಮುಂಭಾಗಕ್ಕೆ ಗಾಜು ಹಾಕುತ್ತೇವೆ. ಬಿಸಿಲಿಗೆ ಗಾಜು ಕಾದಾಗ ಎಸಿ ಕೇಳುತ್ತೇವೆ. ಆಮೇಲೆ ಎಸಿ ಬಿಲ್ಲಿಗಾಗಿ ಸೋಲಾರ್ ಕೇಳುತ್ತೇವೆ.

ದೇಶದಲ್ಲಿ ಇದಕ್ಕೆ ಚೌಕಟ್ಟು ಇಲ್ಲದೆ ಇಲ್ಲ. 2001ರ ಇಂಧನ ಸಂರಕ್ಷಣಾ ಕಾಯ್ದೆಯಡಿ ಇಂಧನ ದಕ್ಷತಾ ಬ್ಯೂರೋ ರೂಪುಗೊಂಡಿತು. ಫ್ರಿಜ್ ಮೇಲೆ ನಾವು ನೋಡುವ ಸ್ಟಾರ್ ಲೇಬಲ್ ಅದರದ್ದೇ. ಇದೇ ಬ್ಯೂರೋ 2007ರಲ್ಲಿ ದೊಡ್ಡ ಕಟ್ಟಡಗಳಿಗೆ ಇಂಧನ ಸಂಹಿತೆ ತಂದಿತು, 2017ರಲ್ಲಿ ಪರಿಷ್ಕರಿಸಿತು. ಆ ಸಂಹಿತೆ ದೇಶವನ್ನು ಐದು ಹವಾಮಾನ ವಲಯಗಳಾಗಿ ವಿಂಗಡಿಸುತ್ತದೆ. ವಲಯಕ್ಕೆ ತಕ್ಕಂತೆ ಗೋಡೆ, ಗಾಜು, ಚಾವಣಿಯ ನಿಯಮ ಬದಲಾಗುತ್ತದೆ.

ಹೇಳಿಕೆ 1: ಸೋಲಾರ್ ಹಾಕಿದರೆ ಕರೆಂಟ್ ಬಿಲ್ ಶೂನ್ಯ

ಅರ್ಧ ನಿಜ. ನಮ್ಮ ಭಾಗದಲ್ಲಿ 1 ಕಿಲೋವ್ಯಾಟ್ ಸೋಲಾರ್ ದಿನಕ್ಕೆ ಸರಾಸರಿ ಸುಮಾರು 4 ಯೂನಿಟ್, ವರ್ಷಕ್ಕೆ ಅಂದಾಜು 1,400 ಯೂನಿಟ್ ಕೊಡುತ್ತದೆ. ಅದಕ್ಕೆ ನೆರಳಿಲ್ಲದ ಸುಮಾರು 10 ಚದರ ಮೀಟರ್ ಜಾಗ ಬೇಕು.

300 ಚದರ ಮೀಟರ್ ತಾರಸಿ ಇರುವ ಕಚೇರಿಯಲ್ಲಿ ನೀರಿನ ಟ್ಯಾಂಕು, ಮೆಟ್ಟಿಲ ಕೋಣೆ, ಪಕ್ಕದ ಮರದ ನೆರಳು ಕಳೆದು ಅರ್ಧ ಜಾಗ ಸಿಕ್ಕಿತು ಎನ್ನೋಣ. ಅಲ್ಲಿ 15 ಕಿಲೋವ್ಯಾಟ್ ಹಾಕಬಹುದು. ವರ್ಷಕ್ಕೆ ಸುಮಾರು 21,000 ಯೂನಿಟ್. ಒಂದೇ ಅಂತಸ್ತಿನ ಕಚೇರಿಗೆ ಇದು ಧಾರಾಳ. ಆದರೆ ಅದೇ ತಾರಸಿಯ ಕೆಳಗೆ ಐದು ಅಂತಸ್ತು ಇದ್ದು, ಪ್ರತಿ ಕೋಣೆಯಲ್ಲೂ ಎಸಿ ಇದ್ದರೆ? ಚಾವಣಿ ಬೆಳೆಯುವುದಿಲ್ಲ, ಬಳಕೆ ಮಾತ್ರ ಐದು ಪಟ್ಟು ಬೆಳೆಯುತ್ತದೆ.

ಇನ್ನೂ ಮೂರು ವಿಷಯಗಳನ್ನು ಫಾರ್ವರ್ಡ್‌ಗಳು ಹೇಳುವುದಿಲ್ಲ.

ಒಂದು, ಕರೆಂಟು ತಯಾರಾಗುವುದು ಬೆಳಕಿನಿಂದ, ಬಿಸಿಯಿಂದ ಅಲ್ಲ. ಪ್ಯಾನೆಲ್ ಕಾದಷ್ಟೂ ಉತ್ಪಾದನೆ ಇಳಿಯುತ್ತದೆ. 25 ಡಿಗ್ರಿಗಿಂತ ಮೇಲಿನ ಪ್ರತಿ ಡಿಗ್ರಿಗೆ ಸುಮಾರು ಶೇ. 0.3ರಿಂದ 0.4ರಷ್ಟು ನಷ್ಟ. ರಾಯಚೂರಿನ ಬಿಸಿಲಲ್ಲಿ ಪ್ಯಾನೆಲ್ 60 ಡಿಗ್ರಿಗೆ ಕಾದರೆ ಶೇ. 10ಕ್ಕಿಂತ ಹೆಚ್ಚು ಕಳೆದುಹೋಗುತ್ತದೆ. ಹಾಗೆಂದು ಅಲ್ಲಿ ಸೋಲಾರ್ ಬೇಡವೆಂದಲ್ಲ. ಬೆಳಕು ಹೇರಳವಾಗಿರುವುದರಿಂದ ಒಟ್ಟು ಲೆಕ್ಕದಲ್ಲಿ ಲಾಭವೇ. ಪ್ಯಾನೆಲ್ ಅಡಿಯಲ್ಲಿ ಗಾಳಿಯಾಡಲು ಜಾಗ ಬಿಡಬೇಕು, ಧೂಳು ಒರೆಸಬೇಕು ಅಷ್ಟೇ.

ಎರಡು, ಮೋಡವಿದ್ದರೆ ಸೋಲಾರ್ ನಿಂತೇಹೋಗುತ್ತದೆ ಎಂಬುದೂ ಸುಳ್ಳು. ಉತ್ಪಾದನೆ ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ. ಮಡಿಕೇರಿ, ಶಿವಮೊಗ್ಗದ ಕಚೇರಿಗಳು ಮಳೆಗಾಲದ ತಿಂಗಳುಗಳಿಗೆ ಬೇರೆಯೇ ಲೆಕ್ಕ ಇಟ್ಟುಕೊಳ್ಳಬೇಕು.

ಮೂರು, ಬ್ಯಾಟರಿ ಇಲ್ಲದ, ಗ್ರಿಡ್‌ಗೆ ಜೋಡಿಸಿದ ಸೋಲಾರ್ ಕರೆಂಟ್ ಹೋದಾಗ ತಾನೂ ನಿಂತುಬಿಡುತ್ತದೆ. ಇದು ದೋಷವಲ್ಲ, ಸುರಕ್ಷತೆ. ಲೈನ್‌ಮ್ಯಾನ್ ಕಂಬ ಹತ್ತಿ ದುರಸ್ತಿ ಮಾಡುವಾಗ ನಮ್ಮ ತಾರಸಿಯ ಕರೆಂಟು ಆ ತಂತಿಗೆ ಹರಿಯಬಾರದಲ್ಲವೇ? “ಸೋಲಾರ್ ಹಾಕಿದರೂ ಕರೆಂಟ್ ಹೋಯಿತು, ಮೋಸ” ಎಂಬ ಸಂದೇಶಕ್ಕೆ ಉತ್ತರ ಇದು.

ಒಂದು ಅನುಕೂಲವೂ ಇದೆ. ಮನೆಗಳಲ್ಲಿ ಬಳಕೆ ಸಂಜೆ ಹೆಚ್ಚು. ಸರ್ಕಾರಿ ಕಚೇರಿಯಲ್ಲಿ ಬಳಕೆ ಹಗಲಿನಲ್ಲೇ ಹೆಚ್ಚು. ಸೂರ್ಯನ ವೇಳಾಪಟ್ಟಿಯೂ ಕಚೇರಿಯ ವೇಳಾಪಟ್ಟಿಯೂ ಹೆಚ್ಚುಕಡಿಮೆ ಒಂದೇ. ನೆಟ್ ಮೀಟರಿಂಗ್ ಇದ್ದರೆ ಭಾನುವಾರ, ಎರಡನೇ ಮತ್ತು ನಾಲ್ಕನೇ ಶನಿವಾರದ ಉತ್ಪಾದನೆ ಗ್ರಿಡ್‌ಗೆ ಹೋಗಿ ಲೆಕ್ಕಕ್ಕೆ ಜಮೆಯಾಗುತ್ತದೆ.

ಹಾಗಾದರೆ ಮೊದಲ ಹೆಜ್ಜೆ ಯಾವುದು?

40 ಫ್ಯಾನ್ ಇರುವ ಒಂದು ಕಚೇರಿ ತೆಗೆದುಕೊಳ್ಳಿ. ಮಾಮೂಲಿ ಹಳೇ ಫ್ಯಾನ್ ಸುಮಾರು 75 ವ್ಯಾಟ್ ಎಳೆಯುತ್ತದೆ. ಬಿಎಲ್‌ಡಿಸಿ ಫ್ಯಾನ್ ಅದೇ ಗಾಳಿಗೆ ಸುಮಾರು 30 ವ್ಯಾಟ್. ಫ್ಯಾನೊಂದಕ್ಕೆ 45 ವ್ಯಾಟ್ ಉಳಿತಾಯ. ದಿನಕ್ಕೆ 8 ಗಂಟೆ, ವರ್ಷಕ್ಕೆ 250 ದಿನ ಎಂದರೆ ಒಂದು ಫ್ಯಾನಿಗೆ 90 ಯೂನಿಟ್, 40 ಫ್ಯಾನಿಗೆ 3,600 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ 25,200 ರೂಪಾಯಿ.

ಈಗ ಹಿಂದಿನ ಲೆಕ್ಕ ನೆನಪಿಸಿಕೊಳ್ಳಿ. 3,600 ಯೂನಿಟ್ ಎಂದರೆ ಎರಡೂವರೆ ಕಿಲೋವ್ಯಾಟ್ ಸೋಲಾರ್ ಇಡೀ ವರ್ಷ ಕೊಡುವ ಕರೆಂಟು. ಬರೀ ಫ್ಯಾನ್ ಬದಲಿಸಿದ್ದಕ್ಕೆ ಅಷ್ಟು ಸೋಲಾರ್ ಹಾಕುವ ಅಗತ್ಯವೇ ತಪ್ಪಿತು. ನಮ್ಮ ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್ ಕರೆಂಟಿಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಆ ಲೆಕ್ಕದಲ್ಲಿ ಈ ಒಂದು ಕಚೇರಿಯ ಫ್ಯಾನುಗಳಿಂದಲೇ ವರ್ಷಕ್ಕೆ ಎರಡೂವರೆ ಟನ್ ಕಡಿಮೆ.

ಬೆಳಕಿನದೂ ಇದೇ ಕಥೆ. ಹಳೇ ಟ್ಯೂಬ್‌ಲೈಟ್ 40 ವ್ಯಾಟಿನದಾದರೂ ತಾಮ್ರದ ಚೋಕ್ ಸೇರಿ 50 ವ್ಯಾಟ್ ದಾಟುತ್ತದೆ. ಅಷ್ಟೇ ಬೆಳಕಿಗೆ ಎಲ್‌ಇಡಿ ಟ್ಯೂಬ್ 20 ವ್ಯಾಟ್ ಆಸುಪಾಸು. ಸೋಲಾರ್ ಹಾಕುವ ಮುನ್ನ ಇಂಥ ಪೋಲು ನಿಲ್ಲಿಸದಿದ್ದರೆ ಅದು ತೂತು ಮಡಕೆಗೆ ನೀರು ಹೊಯ್ದಂತೆ.

ದೆಹಲಿಯ ಇಂದಿರಾ ಪರ್ಯಾವರಣ ಭವನ ಇದಕ್ಕೆ ಒಳ್ಳೆಯ ಉದಾಹರಣೆ. ಕೇಂದ್ರ ಪರಿಸರ ಸಚಿವಾಲಯದ ಈ ಕಟ್ಟಡ 2014ರಲ್ಲಿ ಉದ್ಘಾಟನೆಯಾಯಿತು. ಅದರ ಮೇಲಿನ 930 ಕಿಲೋವ್ಯಾಟ್ ಸೋಲಾರ್ ಬಗ್ಗೆ ಎಲ್ಲರೂ ಹೇಳುತ್ತಾರೆ. ಆದರೆ ಗುಟ್ಟು ಇರುವುದು ಬೇರೆ ಕಡೆ. ಹಗಲು ಬೆಳಕು ಒಳಗೆ ಬರುವಂತೆ, ನಡುವಿನ ಅಂಗಳದಿಂದ ಗಾಳಿಯಾಡುವಂತೆ ಅದನ್ನು ಕಟ್ಟಿದರು. ಕಡಿಮೆ ಕರೆಂಟಿನ ತಂಪು ವ್ಯವಸ್ಥೆ ಅಳವಡಿಸಿ, ಒಳಗಿನ ತಾಪವನ್ನು 26 ಡಿಗ್ರಿ ಆಸುಪಾಸಿಗೆ ಇಟ್ಟುಕೊಂಡರು. ಬೇಡಿಕೆಯನ್ನು ಮೊದಲೇ ಇಳಿಸಿದ್ದರಿಂದ ಆ ಸೋಲಾರ್ ಸಾಕಾಗುವಂತಾಯಿತು.

ಹೇಳಿಕೆ 2: ಎಸಿಯನ್ನು 16ಕ್ಕೆ ಇಟ್ಟರೆ ಬೇಗ ತಂಪಾಗುತ್ತದೆ

ಸುಳ್ಳು. ರಿಮೋಟ್‌ನಲ್ಲಿರುವ ಸಂಖ್ಯೆ ವೇಗವಲ್ಲ, ಗುರಿ. 24ಕ್ಕೆ ಇಟ್ಟರೂ 16ಕ್ಕೆ ಇಟ್ಟರೂ ಕೋಣೆ ಕಾದಿರುವಾಗ ಕಂಪ್ರೆಸರ್ ಪೂರ್ತಿ ಬಲದಿಂದಲೇ ಕೆಲಸ ಮಾಡುತ್ತದೆ. ವ್ಯತ್ಯಾಸ ಕಾಣುವುದು ಆಮೇಲೆ. 24 ತಲುಪಿದ ಎಸಿ ವಿಶ್ರಾಂತಿ ಪಡೆಯುತ್ತದೆ ಅಥವಾ ನಿಧಾನವಾಗುತ್ತದೆ. 16ರ ಗುರಿ ಇಟ್ಟ ಎಸಿ ಓಡುತ್ತಲೇ ಇರುತ್ತದೆ.

ಇಂಧನ ದಕ್ಷತಾ ಬ್ಯೂರೋ ಅಂದಾಜಿನಂತೆ ಪ್ರತಿ ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆ. 20ರಿಂದ 24ಕ್ಕೆ ಬಂದರೆ ಹೆಚ್ಚುಕಡಿಮೆ ಕಾಲುಭಾಗ. ಇದೇ ಕಾರಣಕ್ಕೆ 2020ರ ಜನವರಿಯಿಂದ ಸ್ಟಾರ್ ಲೇಬಲ್ ಇರುವ ಕೋಣೆ ಎಸಿಗಳು ಆನ್ ಆದಾಗ ತಾವಾಗಿಯೇ 24 ಡಿಗ್ರಿ ತೋರಿಸಬೇಕೆಂಬ ನಿಯಮ ಬಂತು. ಎಸಿಯ ಜೊತೆ ಫ್ಯಾನನ್ನೂ ನಿಧಾನವಾಗಿ ಬಿಟ್ಟರೆ ಮೈಗೆ ಇನ್ನೂ ಎರಡು ಡಿಗ್ರಿ ಕಡಿಮೆ ಇದ್ದಂತೆ ಅನ್ನಿಸುತ್ತದೆ.

ಊರಿಂದ ಊರಿಗೆ ಬದಲಾಗುವ ಮಾತೂ ಇಲ್ಲಿದೆ. “ಎಸಿಗಿಂತ ಏರ್ ಕೂಲರ್ ಉತ್ತಮ” ಎಂಬ ಫಾರ್ವರ್ಡ್ ಕಲಬುರಗಿಯಲ್ಲಿ ನಿಜ, ಮಂಗಳೂರಿನಲ್ಲಿ ಅಲ್ಲ. ಕೂಲರ್ ನೀರನ್ನು ಆವಿ ಮಾಡಿ ಗಾಳಿಯನ್ನು ತಂಪಾಗಿಸುತ್ತದೆ. ಗಾಳಿ ಒಣಗಿದ್ದರೆ ನೀರು ಬೇಗ ಆವಿಯಾಗುತ್ತದೆ, ತಂಪು ಚೆನ್ನಾಗಿ ಸಿಗುತ್ತದೆ. ಕರಾವಳಿಯ ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ಕೂಲರ್ ಇನ್ನಷ್ಟು ತೇವ ಸೇರಿಸಿ ಮೈ ಅಂಟಿಸುತ್ತದೆ, ಅಷ್ಟೇ. ಇಡೀ ರಾಜ್ಯಕ್ಕೆ ಒಂದೇ ಟೆಂಡರಿನಲ್ಲಿ ಕೂಲರ್ ಖರೀದಿಸಿ ಹಂಚಿದರೆ ಕರಾವಳಿಯ ಕಚೇರಿಗಳಲ್ಲಿ ಅವು ಮೂಲೆ ಸೇರುತ್ತವೆ.

ಬಿಸಿಲ ನಾಡಿಗೆ ಇನ್ನೂ ಅಗ್ಗದ ಉಪಾಯ ಬಿಳಿ ಚಾವಣಿ. ಬಿಸಿಲನ್ನು ಹಿಂದಕ್ಕೆ ಪ್ರತಿಫಲಿಸುವ ಬಿಳಿ ಬಣ್ಣ ಅಥವಾ ಬಿಳಿ ಟೈಲ್ಸ್ ತಾರಸಿಗೆ ಹಾಕಿದರೆ ಕೆಳಗಿನ ಕೋಣೆ ಸಾಮಾನ್ಯವಾಗಿ 2ರಿಂದ 5 ಡಿಗ್ರಿಯಷ್ಟು ತಂಪಾಗುತ್ತದೆ. ಕಲಬುರಗಿಯ ಪಕ್ಕದ ತೆಲಂಗಾಣ 2023ರಲ್ಲೇ ‘ತಂಪು ಚಾವಣಿ’ ನೀತಿ ತಂದು ಸರ್ಕಾರಿ ಕಟ್ಟಡಗಳಿಗೆ ಇದನ್ನು ಕಡ್ಡಾಯ ಮಾಡಿತು. ಎಸಿ ಅಧಿಕಾರಿಯ ಕೋಣೆಯನ್ನು ತಂಪಾಗಿಸುತ್ತದೆ. ಬಿಳಿ ಚಾವಣಿ ಸಾಲಿನಲ್ಲಿ ನಿಂತ ಅಜ್ಜಿಯನ್ನೂ ತಂಪಾಗಿಡುತ್ತದೆ.

ಹೇಳಿಕೆ 3: ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದರೆ ಜಾಸ್ತಿ ಕರೆಂಟು

ಸುಳ್ಳು. ಆನ್ ಆಗುವಾಗಿನ ಹೆಚ್ಚುವರಿ ಬಳಕೆ ಒಂದೆರಡು ನಿಮಿಷದ್ದು. ರಾತ್ರಿಯಿಡೀ ಉರಿಯುವುದು ಹದಿನಾರು ಗಂಟೆಯದು. ಸುಮ್ಮನೆ ಆನ್ ಇರುವ ಡೆಸ್ಕ್‌ಟಾಪ್ ಮತ್ತು ಮಾನಿಟರ್ ಸೇರಿ 60 ವ್ಯಾಟ್ ಎಳೆದರೆ ಸಂಜೆಯಿಂದ ಬೆಳಗಿನವರೆಗೆ ಹೆಚ್ಚುಕಡಿಮೆ ಒಂದು ಯೂನಿಟ್. 20 ಕಂಪ್ಯೂಟರ್ ಇರುವ ಕಚೇರಿಯಲ್ಲಿ ರಾತ್ರಿಗೆ ಸುಮಾರು 20 ಯೂನಿಟ್, ಕೇಳುವವರಿಲ್ಲದೆ ಹೋಗುತ್ತದೆ. ಸ್ಲೀಪ್ ಮೋಡ್‌ಗೆ ಹೋಗುವಂತೆ ಸೆಟ್ ಮಾಡಿದ್ದರೆ ಈ ನಷ್ಟ ಬಹಳ ಕಡಿಮೆ. ಅದಕ್ಕೆ ಒಂದು ಪೈಸೆ ಖರ್ಚಿಲ್ಲ, ಸೆಟ್ಟಿಂಗ್ಸ್ ತೆರೆಯಬೇಕು ಅಷ್ಟೇ.

ಹೇಳಿಕೆ 4: ಮಳೆ ಜಾಸ್ತಿ ಇರುವ ಕಡೆ ಮಳೆನೀರು ಕೊಯ್ಲು ಬೇಕಿಲ್ಲ

ಸುಳ್ಳು. ಲೆಕ್ಕ ಬಹಳ ಸುಲಭ: ಒಂದು ಚದರ ಮೀಟರ್ ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು.

500 ಚದರ ಮೀಟರ್ ತಾರಸಿ ಇರುವ ಕಚೇರಿ ಎಂದುಕೊಳ್ಳಿ. ಬಿದ್ದ ನೀರಿನಲ್ಲಿ ಶೇ. 80ರಷ್ಟು ಹಿಡಿಯಬಹುದು. ವರ್ಷಕ್ಕೆ 550 ಮಿ.ಮೀ. ಮಳೆಯಾಗುವ ಬಯಲುಸೀಮೆಯ ಊರಿನಲ್ಲಿ 2.2 ಲಕ್ಷ ಲೀಟರ್ ಸಿಗುತ್ತದೆ. 900 ಮಿ.ಮೀ. ಮಳೆಯ ಬೆಂಗಳೂರಿನಂಥ ಕಡೆ 3.6 ಲಕ್ಷ ಲೀಟರ್. 3,500 ಮಿ.ಮೀ. ಮಳೆಯ ಕರಾವಳಿಯಲ್ಲಿ 14 ಲಕ್ಷ ಲೀಟರ್.

ಬೇಕಾಗುವುದು ಎಷ್ಟು? ಕಚೇರಿಗೆ ಒಬ್ಬರಿಗೆ ದಿನಕ್ಕೆ 45 ಲೀಟರ್ ಎಂಬುದು ನಮ್ಮ ದೇಶದ ಮಾನದಂಡ. 60 ಜನರಿಗೆ 250 ದಿನಕ್ಕೆ 6.75 ಲಕ್ಷ ಲೀಟರ್. ಅಂದರೆ ಒಣ ಊರಿನಲ್ಲೂ ಮೂರನೇ ಒಂದು ಭಾಗ ಚಾವಣಿಯಿಂದಲೇ ಬರಬಹುದು. ಬೆಂಗಳೂರಿನಲ್ಲಿ ಅರ್ಧಕ್ಕಿಂತ ಹೆಚ್ಚು.

ಕರಾವಳಿಯಲ್ಲಿ ಬೇಕಾದ್ದಕ್ಕಿಂತ ಎರಡು ಪಟ್ಟು ನೀರು ಬೀಳುತ್ತದೆ. ಹಾಗಿದ್ದರೂ ಏಪ್ರಿಲ್, ಮೇನಲ್ಲಿ ಅಲ್ಲಿ ಬಾವಿ ಬತ್ತುವುದೇಕೆ? ಮಳೆ ನಾಲ್ಕು ತಿಂಗಳಲ್ಲಿ ಸುರಿದು ಇಳಿಜಾರಿನಲ್ಲಿ ಓಡಿ ಸಮುದ್ರ ಸೇರುತ್ತದೆ. ಅಲ್ಲಿನ ಸಮಸ್ಯೆ ಪ್ರಮಾಣದ್ದಲ್ಲ, ಉಳಿಸಿಕೊಳ್ಳುವುದರದ್ದು. ಆದ್ದರಿಂದ ಕರಾವಳಿಯ ಕಚೇರಿಗೆ ಬಾವಿ ಮರುಪೂರಣ ಮುಖ್ಯ. ಬಯಲುಸೀಮೆಯ ಕಚೇರಿಗೆ ಸಂಪ್ ದೊಡ್ಡದಿರಬೇಕು. ಎರಡಕ್ಕೂ ‘ಮಳೆನೀರು ಕೊಯ್ಲು’ ಎಂಬ ಒಂದೇ ಹೆಸರು, ಕೆಲಸ ಬೇರೆ ಬೇರೆ.

ನಲ್ಲಿಯನ್ನೂ ನೋಡಿ. ಸೆಕೆಂಡಿಗೊಂದು ಹನಿ ತೊಟ್ಟಿಕ್ಕಿದರೆ ದಿನಕ್ಕೆ 86,400 ಹನಿ. ಹನಿಗೆ ಕಾಲು ಮಿಲಿಲೀಟರ್ ಎಂದರೂ 21 ಲೀಟರ್ ದಾಟುತ್ತದೆ. ಒಂದು ವಾಷರ್ ಬದಲಿಸಿದರೆ ಮುಗಿಯುವ ಕೆಲಸ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ನೀರಿನ ಅಭಾವ ತಲೆದೋರಿದಾಗ ಜಲಮಂಡಳಿ ಹಲವು ಬಗೆಯ ದೊಡ್ಡ ಕಟ್ಟಡಗಳ ನಲ್ಲಿಗಳಿಗೆ ಏರೇಟರ್ ಕಡ್ಡಾಯ ಮಾಡಿತು. ನೀರಿಗೆ ಗಾಳಿ ಬೆರೆಸಿ ಧಾರೆಯನ್ನು ಕಡಿಮೆ ಮಾಡುವ ಪುಟ್ಟ ಸಾಧನ ಅದು. ಅಭಾವ ಬರುವವರೆಗೆ ಅದಕ್ಕೆ ಕಾಯಬೇಕಿಲ್ಲ.

ಹೇಳಿಕೆ 5: ಹಳೇ ಕಟ್ಟಡ ಕೆಡವಿ ಹಸಿರು ಕಟ್ಟಡ ಕಟ್ಟುವುದೇ ದಾರಿ

ಬಹುತೇಕ ತಪ್ಪು. ಜಗತ್ತಿನ ಇಂಗಾಲದ ಡೈಆಕ್ಸೈಡ್‌ನಲ್ಲಿ ಶೇ. 7ರಿಂದ 8ರಷ್ಟು ಸಿಮೆಂಟ್ ತಯಾರಿಕೆಯಿಂದಲೇ ಬರುತ್ತದೆ. ಒಂದು ಟನ್ ಸಿಮೆಂಟಿಗೆ ಅರ್ಧ ಟನ್ನಿಗಿಂತ ಹೆಚ್ಚು. ಗಟ್ಟಿಯಾಗಿರುವ ಕಟ್ಟಡ ಕೆಡವಿದರೆ ಅದರಲ್ಲಿ ಹಾಕಿದ್ದ ಸಿಮೆಂಟು, ಉಕ್ಕು, ಇಟ್ಟಿಗೆ ಎಲ್ಲ ನಷ್ಟ. ಹೊಸದರ ಹೊಗೆ ಬೇರೆ. ಅಪಾಯಕಾರಿಯಾಗಿ ಶಿಥಿಲವಾದ ಕಟ್ಟಡದ ಮಾತು ಬೇರೆ. ಉಳಿದವುಗಳಿಗೆ ಸೋರುವ ಚಾವಣಿ ಸರಿಪಡಿಸಿ, ವೈರಿಂಗ್ ಬದಲಿಸಿ, ಕಿಟಕಿಗೆ ನೆರಳು ಕೊಟ್ಟರೆ ಆಯಸ್ಸು ಹೆಚ್ಚುತ್ತದೆ.

ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ: ಇರುವ ಜಾಗ ಪೂರ್ತಿ ಬಳಕೆಯಾಗುತ್ತಿದೆಯೇ? ಬೆಳಗಾವಿಯ ಸುವರ್ಣ ವಿಧಾನಸೌಧ 2012ರಲ್ಲಿ ಉದ್ಘಾಟನೆಯಾಯಿತು. ಅಧಿವೇಶನ ನಡೆಯುವುದು ವರ್ಷಕ್ಕೆ ಕೆಲವೇ ದಿನ. ಉಳಿದ ದಿನಗಳಲ್ಲೂ ಅದನ್ನು ಬಳಸಬೇಕು, ಕಚೇರಿಗಳನ್ನು ಅಲ್ಲಿಗೆ ತರಬೇಕು ಎಂಬ ಒತ್ತಾಯ ಆ ಭಾಗದ ಜನರಿಂದ ಮತ್ತೆ ಮತ್ತೆ ಬಂದಿದೆ. ಅದು ಪ್ರಾದೇಶಿಕ ನ್ಯಾಯದ ಪ್ರಶ್ನೆ, ಜೊತೆಗೆ ಸುಸ್ಥಿರತೆಯ ಪ್ರಶ್ನೆಯೂ ಹೌದು. ಖಾಲಿ ಕಟ್ಟಡಕ್ಕೂ ಕಾವಲು, ಗುಡಿಸುವಿಕೆ, ದೀಪ, ಲಿಫ್ಟ್ ನಿರ್ವಹಣೆ ಬೇಕು. ಇತ್ತ ಬಾಡಿಗೆ ಕಟ್ಟಡದಲ್ಲಿರುವ ಕಚೇರಿಗೆ ಬಾಡಿಗೆಯೂ ಹೋಗುತ್ತದೆ.

ತಾಲ್ಲೂಕು ಮಟ್ಟದಲ್ಲಿ ನಾವು ಕಂಡ ಮಿನಿ ವಿಧಾನಸೌಧಗಳ ಹಿಂದಿನ ಯೋಚನೆ ಇದೇ. ಹಲವು ಇಲಾಖೆಗಳು ಒಂದೇ ಸೂರಿನಡಿ ಬಂದರೆ ಸಭಾಂಗಣ, ಶೌಚಾಲಯ, ಜನರೇಟರ್ ಎಲ್ಲರಿಗೂ ಒಂದೇ ಸಾಕು. ಹಳ್ಳಿಯಿಂದ ಬಂದವರೂ ಮೂರು ಕಚೇರಿಗೆ ಮೂರು ಆಟೋ ಹಿಡಿಯಬೇಕಿಲ್ಲ.

ಹೇಳಿಕೆ 6: ಹಳೇ ಸಾಮಾನು ಗುಜರಿಗೆ ಹಾಕಿದರೆ ಮುಗೀತು

ಅಪಾಯಕಾರಿ ಅರ್ಧಸತ್ಯ. ಕಚೇರಿಯ ಹಿಂದಿನ ಕೋಣೆಯಲ್ಲಿ ಕಾಲು ಮುರಿದ ಕುರ್ಚಿ, ಸತ್ತ ಮಾನಿಟರ್, ಹಳೇ ಯುಪಿಎಸ್ ರಾಶಿ ಬೀಳುವುದನ್ನು ಎಲ್ಲರೂ ನೋಡಿದ್ದೇವೆ. ವಿಲೇವಾರಿ ಮಾಡಬೇಕು, ನಿಜ. ಕೇಂದ್ರ ಸರ್ಕಾರ 2021ರಿಂದ ಪ್ರತಿ ಅಕ್ಟೋಬರ್‌ನಲ್ಲಿ ಇದಕ್ಕಾಗಿಯೇ ವಿಶೇಷ ಸ್ವಚ್ಛತಾ ಅಭಿಯಾನ ನಡೆಸುತ್ತಿದೆ. ಗುಜರಿ ಮಾರಿದ ಹಣವೂ ಬರುತ್ತದೆ, ಜಾಗವೂ ಖಾಲಿಯಾಗುತ್ತದೆ. 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿಗೂ 2023ರ ಏಪ್ರಿಲ್ 1ರಿಂದ ಕೊನೆ ಹಾಡಲಾಗಿದೆ.

ಆದರೆ ಎಲ್ಲವೂ ತೂಕದ ಗುಜರಿಯಲ್ಲ. ಟ್ಯೂಬ್‌ಲೈಟ್, ಸಿಎಫ್‌ಎಲ್‌ಗಳಲ್ಲಿ ಪಾದರಸವಿದೆ. ಯುಪಿಎಸ್ ಬ್ಯಾಟರಿಯಲ್ಲಿ ಸೀಸ ಮತ್ತು ಆಮ್ಲವಿದೆ. ಹಳೇ ಎಸಿಗಳಲ್ಲಿರುವ ಆರ್-22 ಅನಿಲ ಹೊರಬಿದ್ದರೆ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 1,800 ಪಟ್ಟು ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ. ಪೈಪ್ ಕತ್ತರಿಸಿ ತಾಮ್ರ ಮಾರಿಕೊಂಡರೆ ಎಲ್‌ಇಡಿ ಹಾಕಿ ಗಳಿಸಿದ ಪುಣ್ಯವೆಲ್ಲ ಗಾಳಿಪಾಲು. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ದೊಡ್ಡ ಬಳಕೆದಾರರು ತಮ್ಮ ಇ-ತ್ಯಾಜ್ಯವನ್ನು ನೋಂದಾಯಿತ ಮರುಬಳಕೆದಾರರಂಥವರಿಗೇ ಒಪ್ಪಿಸಬೇಕು. ಕಂಪ್ಯೂಟರ್ ಕೊಡುವ ಮುನ್ನ ಹಾರ್ಡ್ ಡಿಸ್ಕ್ ಅಳಿಸುವುದನ್ನೂ ಮರೆಯಬಾರದು. ಅದರಲ್ಲಿ ನಮ್ಮ ನಿಮ್ಮ ದಾಖಲೆಗಳಿರುತ್ತವೆ.

ಇಷ್ಟು ಸುಲಭವಾದರೆ ಯಾಕೆ ಆಗುತ್ತಿಲ್ಲ?

ಸಿಬ್ಬಂದಿಗೆ ಕಾಳಜಿ ಇಲ್ಲ ಎಂದು ಬೈಯುವುದು ಸುಲಭ. ನಿಜವಾದ ಕಾರಣ ವ್ಯವಸ್ಥೆಯಲ್ಲಿದೆ.

ಕಟ್ಟಡ ಕಟ್ಟುವುದು ಒಂದು ಇಲಾಖೆ, ಬಳಸುವುದು ಇನ್ನೊಂದು, ಬಿಲ್ ಪಾಸಾಗುವುದು ಮತ್ತೊಂದು ಕಡೆ. ಕಿಟಕಿ ತಪ್ಪು ದಿಕ್ಕಿಗೆ ಇಟ್ಟವರಿಗೆ ಮೂವತ್ತು ವರ್ಷದ ಎಸಿ ಬಿಲ್ ಕಾಣುವುದೇ ಇಲ್ಲ. ಬಿಲ್ ಕಾಣುವವರಿಗೆ ಕಿಟಕಿ ಬದಲಿಸುವ ಅಧಿಕಾರವಿಲ್ಲ. ಉಳಿಸಿದ ಹಣ ಆ ಕಚೇರಿಗೆ ಸಿಗುವುದಿಲ್ಲ, ಹಾಗಾಗಿ ಉಳಿಸುವ ಉಮೇದು ಹುಟ್ಟುವುದಿಲ್ಲ. ಆಸಕ್ತಿ ಇರುವ ಅಧಿಕಾರಿ ಬಂದು ಕೆಲಸ ಶುರು ಮಾಡುವಷ್ಟರಲ್ಲಿ ವರ್ಗಾವಣೆ.

ಟೆಂಡರಿನಲ್ಲಿ ಕಡಿಮೆ ಬೆಲೆ ಹೇಳಿದವರು ಗೆಲ್ಲುತ್ತಾರೆ. ಮೇಲಿನ ಫ್ಯಾನ್ ಲೆಕ್ಕದಲ್ಲಿ ಬಿಎಲ್‌ಡಿಸಿ ಫ್ಯಾನಿಗೆ ಸಾವಿರ ರೂಪಾಯಿ ಹೆಚ್ಚು ಕೊಟ್ಟರೂ ಎರಡು ವರ್ಷದೊಳಗೆ ಅದು ವಾಪಸ್ ಬರುತ್ತದೆ. ಆದರೆ ಖರೀದಿಯ ದಿನದ ಬೆಲೆಯನ್ನಷ್ಟೇ ನೋಡಿದರೆ ಹಳೇ ಫ್ಯಾನೇ ಅಗ್ಗ. ಆಯಸ್ಸಿನುದ್ದದ ಖರ್ಚನ್ನು ಲೆಕ್ಕ ಹಾಕಿ ಕೊಳ್ಳುವ ಪದ್ಧತಿ ಬಂದರೆ ಅರ್ಧ ಸಮಸ್ಯೆ ತಾನಾಗಿ ಸರಿಯಾಗುತ್ತದೆ.

ಕೈಯಲ್ಲಿ ಹಣವಿಲ್ಲ ಎಂಬುದಕ್ಕೂ ದಾರಿಗಳಿವೆ. ಕೆಲವು ಒಪ್ಪಂದಗಳಲ್ಲಿ ಖಾಸಗಿಯವರೇ ಬಂಡವಾಳ ಹಾಕಿ ತಾರಸಿಯಲ್ಲಿ ಸೋಲಾರ್ ಕೂರಿಸುತ್ತಾರೆ, ಕಚೇರಿ ಬಳಸಿದ ಯೂನಿಟ್‌ಗೆ ಮಾತ್ರ ಹಣ ಕೊಡುತ್ತದೆ. ದೀಪ, ಫ್ಯಾನ್ ಬದಲಿಸಿ ಉಳಿತಾಯದ ಹಣದಿಂದಲೇ ಕಂತು ತೀರಿಸುವ ಮಾದರಿಯೂ ಇದೆ. ಕೇಂದ್ರ ಸರ್ಕಾರಿ ಉದ್ದಿಮೆಗಳು ಸೇರಿ 2009ರಲ್ಲಿ ಸ್ಥಾಪಿಸಿದ ಇಇಎಸ್‌ಎಲ್ ಸಂಸ್ಥೆ ಇಂಥ ಕೆಲಸಕ್ಕೆಂದೇ ಇದೆ.

ನಿಮ್ಮೂರ ಕಚೇರಿಯನ್ನು ಅಳೆಯುವುದು ಹೇಗೆ?

ಒಂದು ಸರಳ ಅಳತೆಗೋಲು ಇದೆ. ವರ್ಷದ ಒಟ್ಟು ಯೂನಿಟ್‌ಗಳನ್ನು ಕಟ್ಟಡದ ಒಟ್ಟು ವಿಸ್ತೀರ್ಣದಿಂದ ಭಾಗಿಸಿ. 1,200 ಚದರ ಮೀಟರ್ ಕಚೇರಿ ವರ್ಷಕ್ಕೆ 60,000 ಯೂನಿಟ್ ಬಳಸಿದರೆ ಚದರ ಮೀಟರಿಗೆ 50 ಯೂನಿಟ್. ಕಚೇರಿ ಕಟ್ಟಡಗಳಿಗೆ ಸ್ಟಾರ್ ಕೊಡುವಾಗ ಬ್ಯೂರೋ ನೋಡುವುದೂ ಇದೇ ಸಂಖ್ಯೆಯನ್ನು, ಅದೂ ಹವಾಮಾನ ವಲಯ ಮತ್ತು ಎಸಿ ಇರುವ ಜಾಗದ ಪ್ರಮಾಣಕ್ಕೆ ತಕ್ಕಂತೆ.

ಒಂದು ಎಚ್ಚರಿಕೆ: ಮಂಗಳೂರಿನ ಸಂಖ್ಯೆಯನ್ನು ಮೈಸೂರಿನ ಜೊತೆ ಹೋಲಿಸಿ “ಇವರು ಕಳ್ಳರು, ಅವರು ಒಳ್ಳೆಯವರು” ಎಂದು ಸ್ಟೇಟಸ್ ಹಾಕಬೇಡಿ. ಅದೇ ಕಚೇರಿಯ ಹಿಂದಿನ ವರ್ಷದ ಜೊತೆ, ಅದೇ ಹವಾಮಾನದ ಇನ್ನೊಂದು ಕಚೇರಿಯ ಜೊತೆ ಹೋಲಿಸಿ. ಕತ್ತಲೆಯಲ್ಲಿ, ಸೆಕೆಯಲ್ಲಿ ಸಿಬ್ಬಂದಿಯನ್ನು ಕೂರಿಸಿ ಬಿಲ್ ಇಳಿಸಿದರೆ ಅದು ಸುಸ್ಥಿರತೆಯಲ್ಲ.

ಈ ಮಾಹಿತಿ ಗುಟ್ಟೇನೂ ಅಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಯಾರು ಬೇಕಾದರೂ ಕೇಳಬಹುದು: ಕಳೆದ 12 ತಿಂಗಳ ವಿದ್ಯುತ್ ಮತ್ತು ನೀರಿನ ಬಿಲ್ ಎಷ್ಟು? ಕಟ್ಟಡದ ವಿಸ್ತೀರ್ಣ ಎಷ್ಟು? ಸೋಲಾರ್ ಇದ್ದರೆ ಕಳೆದ ವರ್ಷ ಎಷ್ಟು ಯೂನಿಟ್ ಉತ್ಪಾದನೆಯಾಯಿತು? ಕೊನೆಯ ಪ್ರಶ್ನೆ ಮುಖ್ಯ. ಉದ್ಘಾಟನೆಯ ಫೋಟೋದಲ್ಲಿ ಪ್ಯಾನೆಲ್ ಹೊಳೆಯುತ್ತದೆ. ಎರಡು ವರ್ಷದ ನಂತರ ಅದರ ಮೇಲೆ ಧೂಳು ಎಷ್ಟಿದೆ, ಇನ್ವರ್ಟರ್ ಓಡುತ್ತಿದೆಯೇ ಎಂದು ಸಂಖ್ಯೆ ಮಾತ್ರ ಹೇಳುತ್ತದೆ.

ಫಾರ್ವರ್ಡ್ ಮಾಡುವ ಮುನ್ನ ನೆನಪಿಡಿ

ಸೋಲಾರ್ ಬೇಕು, ಆದರೆ ಫ್ಯಾನ್, ದೀಪ, ಚಾವಣಿ ಸರಿಪಡಿಸಿದ ಮೇಲೆ.
ಎಸಿ 24ಕ್ಕೆ, ಜೊತೆಗೆ ಫ್ಯಾನ್. ಕೂಲರ್ ಒಣ ಹವೆಯ ಊರಿಗೆ ಮಾತ್ರ.
ಸಂಜೆ ಕಂಪ್ಯೂಟರ್ ಆಫ್ ಮಾಡಿದರೆ ಉಳಿತಾಯವೇ ಹೊರತು ನಷ್ಟವಿಲ್ಲ.
ಮಳೆನೀರು ಎಲ್ಲೆಡೆ ಬೇಕು. ಕರಾವಳಿಯಲ್ಲಿ ಇಂಗಿಸಿ, ಬಯಲುಸೀಮೆಯಲ್ಲಿ ಸಂಗ್ರಹಿಸಿ.
ಗಟ್ಟಿಯಿರುವ ಹಳೇ ಕಟ್ಟಡವನ್ನು ಉಳಿಸಿ. ಖಾಲಿ ಜಾಗ ತುಂಬಿದ ಮೇಲೆ ಹೊಸದರ ಮಾತು.
ಟ್ಯೂಬ್‌ಲೈಟ್, ಬ್ಯಾಟರಿ, ಎಸಿ, ಕಂಪ್ಯೂಟರ್ ಮಾಮೂಲಿ ಗುಜರಿಯಲ್ಲ.

ಬೆಂಗಳೂರಿನ ವಿಧಾನಸೌಧದ ಮುಂಭಾಗದಲ್ಲಿ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಕೆತ್ತಿರುವುದನ್ನು ನಾವೆಲ್ಲ ನೋಡಿದ್ದೇವೆ. ತೊಟ್ಟಿಕ್ಕುವ ನಲ್ಲಿಯ ವಾಷರ್ ಬದಲಿಸುವುದೂ ಆ ಕೆಲಸದ ಪಟ್ಟಿಯಲ್ಲೇ ಬರುತ್ತದೆ. ಮುಂದಿನ ಸಲ ನಿಮ್ಮ ತಾಲ್ಲೂಕು ಕಚೇರಿಗೆ ಹೋದಾಗ ಸಾಲಿನಲ್ಲಿ ನಿಂತು ಮೊಬೈಲ್ ನೋಡುವ ಬದಲು ಒಮ್ಮೆ ತಲೆಯೆತ್ತಿ ನೋಡಿ. ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನ್ ತಿರುಗುತ್ತಿದ್ದರೆ ಸ್ವಿಚ್ ಆಫ್ ಮಾಡುವಂತೆ ಹೇಳಿ. ಅದಕ್ಕೆ ಯಾವ ಆದೇಶವೂ ಬೇಕಿಲ್ಲ.